ಮಾಡ್ಯುಲರ್ ಡೇಟಾ ಲಾಗರ್‌ಗೆ ಯಾವ ವಿದ್ಯುತ್, ಯಾವ ತಂತಿ?

ಡೇಟಾ ಲಾಗರ್ ಎಂದರೆ ಸೆನ್ಸರ್‌ಗಳ ಅಳತೆಯನ್ನು ತಾನಾಗಿ ದಾಖಲಿಸುವ ಪೆಟ್ಟಿಗೆ; ಮಾಡ್ಯುಲರ್ ಆದರೆ ಬೇಕಾದ ಮಾಡ್ಯೂಲ್‌ಗಳನ್ನು (ಘಟಕಗಳನ್ನು) ಸೇರಿಸುತ್ತ ಹೋಗಬಹುದು. ಅದನ್ನು ಕೊಳ್ಳುವ ಮುಂಚೆ ಚಾನೆಲ್ (ಸೆನ್ಸರ್ ಜೋಡಿಸುವ ಇನ್‌ಪುಟ್) ಎಷ್ಟು, ಎಷ್ಟು ಬಿಟ್, ಸೆಕೆಂಡಿಗೆ ಎಷ್ಟು ಅಳತೆ ಎಂದು ಎಲ್ಲರೂ ಚೆನ್ನಾಗಿಯೇ ವಿಚಾರಿಸುತ್ತಾರೆ. ಪೆಟ್ಟಿಗೆ ಕೈಗೆ ಬಂದ ಮೇಲೆ ಬೇರೆ ಪ್ರಶ್ನೆಗಳು ಏಳುತ್ತವೆ. ಅಡಾಪ್ಟರ್ ಸಾಕೇ, ಬ್ಯಾಟರಿ ಬೇಕೇ? 12 ವೋಲ್ಟೋ 24 ವೋಲ್ಟೋ? ಸೆನ್ಸರ್‌ಗಳಿಗೆ ಲಾಗರಿನಿಂದಲೇ ಕರೆಂಟು ಕೊಡುವುದೋ, ಬೇರೆ ಸಪ್ಲೈ ಇಡುವುದೋ? ಸ್ಕ್ರೂ ಟರ್ಮಿನಲ್ಲೋ ಸ್ಪ್ರಿಂಗೋ? ಇವುಗಳಿಗೆ ಸಾಮಾನ್ಯವಾಗಿ ಕೊನೇ ಗಳಿಗೆಯಲ್ಲಿ, ಕೈಗೆ ಸಿಕ್ಕ ಸಾಮಾನಿನಿಂದ ಉತ್ತರ ಹುಡುಕಲಾಗುತ್ತದೆ.

ಅದಕ್ಕೇ ಈ ಬರಹ. ವಿದ್ಯುತ್ ಪೂರೈಕೆಯನ್ನೂ ಅಳತೆಯನ್ನೂ ಎರಡು ಬೇರೆ ವಿಷಯಗಳೆಂದು ನೋಡುವುದರಿಂದಲೇ ಹೆಚ್ಚಿನ ತೊಂದರೆಗಳು ಹುಟ್ಟುತ್ತವೆ ಎಂಬುದು ನನ್ನ ಖಚಿತ ಅಭಿಪ್ರಾಯ. ಸಪ್ಲೈನ ಮೈನಸ್ ತಂತಿಯೂ ಸೆನ್ಸರಿನ ಮೈನಸ್ ತಂತಿಯೂ ಲಾಗರಿನೊಳಗೆ ಬಹಳ ಸಲ ಒಂದೇ ಬಿಂದುವಿಗೆ ಬಂದು ಸೇರುತ್ತವೆ. ಡೇಟಾ ಕಳಿಸುವ ಮೋಡೆಮ್ ಎಳೆಯುವ ಕರೆಂಟು ಹಿಂತಿರುಗುವ ದಾರಿಯಲ್ಲೇ ಥರ್ಮೋಕಪಲ್‌ನ (ಎರಡು ಬೇರೆ ಲೋಹದ ತಂತಿಗಳ ತಾಪಮಾನ ಸೆನ್ಸರಿನ) ಮೈಕ್ರೋವೋಲ್ಟುಗಳೂ ಕೂತಿದ್ದರೆ ಒಂದರ ಏರಿಳಿತ ಇನ್ನೊಂದರ ಓದಿನಲ್ಲಿ ಕಾಣುತ್ತದೆ. ಹಾಗಾಗಿ ಕೆಳಗಿನ ಪ್ರತಿ ಆಯ್ಕೆಯನ್ನೂ ‘ಲಾಗರ್ ಆನ್ ಆಗುತ್ತದೆಯೇ’ ಎಂಬುದರ ಜೊತೆಗೆ ‘ಅಳತೆ ಕೆಡುತ್ತದೆಯೇ’ ಎಂದೂ ಕೇಳಿ ತೂಗಿದ್ದೇನೆ.

ಆರಿಸುವ ಮುಂಚೆ ತಿಳಿದಿರಬೇಕಾದದ್ದು

ಜಾಗದಲ್ಲಿ ಮೇನ್ಸ್ (ಕಂಬದಿಂದ ಬರುವ ಎಸಿ ವಿದ್ಯುತ್) ಇದೆಯೇ, ಇದ್ದರೆ ಎಷ್ಟು ಹೊತ್ತು ಹೋಗುತ್ತದೆ, ಹೋದಾಗ ದಾಖಲೆ ನಿಂತರೆ ನಡೆಯುತ್ತದೆಯೇ ಎಂಬುದು ಮೊದಲನೆಯದು. ಸೆನ್ಸರ್‌ಗಳು ಎಷ್ಟು ದೂರದಲ್ಲಿವೆ, ಅವು ಕೊಡುವ ಸಂಕೇತ ಮೈಕ್ರೋವೋಲ್ಟೋ, ಮಿಲಿಆಂಪಿಯರೋ, ಡಿಜಿಟಲ್ಲೋ ಎಂಬುದು ಎರಡನೆಯದು. ಪೆಟ್ಟಿಗೆಯೊಳಗೆ ತಾಪಮಾನ ಎಲ್ಲಿಂದ ಎಲ್ಲಿಯವರೆಗೆ ಹೋಗುತ್ತದೆ, ಯಾರು ಎಷ್ಟು ದಿನಕ್ಕೊಮ್ಮೆ ಬಂದು ನೋಡುತ್ತಾರೆ, ಮುಂದೆ ಮಾಡ್ಯೂಲ್ ಸೇರಿಸುವ ಯೋಚನೆ ಇದೆಯೇ ಎಂಬುದನ್ನೂ ಬರೆದುಕೊಳ್ಳಿ. ಇವೆಲ್ಲಕ್ಕಿಂತ ಮುಖ್ಯವಾದದ್ದು, ಹೆಚ್ಚಿನವರು ಮಾಡದೆ ಬಿಡುವುದು, ಕರೆಂಟಿನ ಲೆಕ್ಕ.

ಒಂದು ಉದಾಹರಣೆಯನ್ನು ಪೂರ್ತಿ ಹಾಕಿಬಿಡೋಣ. ಒಂದು ಮೂಲ ಘಟಕ, ಎರಡು ಅನಲಾಗ್ ಮಾಡ್ಯೂಲ್: ಸರಾಸರಿ 15 ಮಿಲಿಆಂಪಿಯರ್ ಎಂದಿಟ್ಟುಕೊಳ್ಳಿ. 12 ವೋಲ್ಟಿನಲ್ಲಿ ದಿನಕ್ಕೆ 0.36 ಆಂಪಿಯರ್-ಗಂಟೆ. ಮೋಡೆಮ್ ಗಂಟೆಗೆ 5 ನಿಮಿಷ ಎಚ್ಚರವಿದ್ದು ಸರಾಸರಿ 250 ಮಿಲಿಆಂಪಿಯರ್ ಎಳೆದರೆ ದಿನಕ್ಕೆ 0.5. ಇನ್ನು ನಾಲ್ಕು 4–20 ಮಿಲಿಆಂಪಿಯರ್ ಟ್ರಾನ್ಸ್‌ಮಿಟರ್‌ಗಳು (ಅಳತೆಯನ್ನು 4ರಿಂದ 20 ಮಿಲಿಆಂಪಿಯರ್ ಕರೆಂಟಾಗಿ ಕಳಿಸುವ ಸೆನ್ಸರ್‌ಗಳು), 24 ವೋಲ್ಟಿನವು. 12 ವೋಲ್ಟ್ ಬ್ಯಾಟರಿಯಿಂದ ವೋಲ್ಟೇಜ್ ಏರಿಸುವ ಬೂಸ್ಟ್ ಕನ್ವರ್ಟರ್ ಮೂಲಕ, 85 ಶೇಕಡಾ ದಕ್ಷತೆಯಲ್ಲಿ, ಸದಾ ಆನ್ ಇಟ್ಟರೆ ಗರಿಷ್ಠ ಕರೆಂಟಿನಲ್ಲಿ ದಿನಕ್ಕೆ ಸುಮಾರು 4.5 ಆಂಪಿಯರ್-ಗಂಟೆ. ಒಟ್ಟು ಸುಮಾರು 5.4.

ಅವೇ ಟ್ರಾನ್ಸ್‌ಮಿಟರ್‌ಗಳನ್ನು 10 ನಿಮಿಷಕ್ಕೊಮ್ಮೆ 10 ಸೆಕೆಂಡು ಮಾತ್ರ ಆನ್ ಮಾಡಿದರೆ ಅವುಗಳ ಪಾಲು 0.08ಕ್ಕೂ ಕೆಳಗೆ ಇಳಿಯುತ್ತದೆ, ಒಟ್ಟು 1ಕ್ಕಿಂತ ಕಡಿಮೆ. ಲಾಗರ್ ಬದಲಾಗಲಿಲ್ಲ, ಸೆನ್ಸರ್ ಬದಲಾಗಲಿಲ್ಲ. ಬೇಕಾಗುವ ಬ್ಯಾಟರಿ ಮತ್ತು ಸೌರಫಲಕ ಐದರಲ್ಲೊಂದು ಪಾಲಿಗೆ ಬಂತು. ಆದ್ದರಿಂದ ಲಾಗರಿನಲ್ಲಿ ಸ್ವಿಚ್ ಮಾಡಬಹುದಾದ 12 ಅಥವಾ 24 ವೋಲ್ಟ್ ಔಟ್‌ಪುಟ್ ಇದ್ದರೆ ಅದಕ್ಕೆ ಸ್ವಲ್ಪ ಹೆಚ್ಚು ಹಣ ಕೊಡುವುದು ಸಾರ್ಥಕ. ಒಂದು ಎಚ್ಚರಿಕೆ: ಸೆನ್ಸರ್ ಬಿಸಿಯಾಗಿ ಸ್ಥಿರವಾಗಲು ಎಷ್ಟು ಹೊತ್ತು ಬೇಕೆಂದು ಅದರ ಕೈಪಿಡಿಯಲ್ಲಿ ನೋಡಿ. ಕೆಲವು ಅನಿಲ ಸೆನ್ಸರ್‌ಗಳನ್ನು ಹೀಗೆ ಆನ್-ಆಫ್ ಮಾಡಲು ಬರುವುದೇ ಇಲ್ಲ.

ಸರಾಸರಿಯ ಜೊತೆಗೆ ಗರಿಷ್ಠವನ್ನೂ ಬರೆಯಿರಿ. ಸರಾಸರಿ ಬ್ಯಾಟರಿಯ ಗಾತ್ರ ಹೇಳುತ್ತದೆ, ಗರಿಷ್ಠ ತಂತಿಯ ದಪ್ಪವನ್ನೂ ಫ್ಯೂಸನ್ನೂ ಹೇಳುತ್ತದೆ. ಮೋಡೆಮ್ ಪ್ರಸಾರ ಮಾಡುವ ಕ್ಷಣದಲ್ಲಿ ಎಳೆಯುವುದು ಅದರ ಸರಾಸರಿಯ ಹಲವು ಪಟ್ಟು ಇರಬಹುದು.

ವಿದ್ಯುತ್ತಿನ ಮೂಲಗಳು

ಮೇನ್ಸ್ ಹತ್ತಿರದಲ್ಲೇ ಇದ್ದರೆ ಡಿಐಎನ್ ರೈಲಿಗೆ (ಪ್ಯಾನಲ್ಲಿನೊಳಗಿನ ಲೋಹದ ಪಟ್ಟಿಗೆ) ಕೂರುವ 24 ವೋಲ್ಟ್ ಎಸ್‌ಎಂಪಿಎಸ್ (ಎಸಿಯನ್ನು ಡಿಸಿ ಮಾಡುವ ಸಪ್ಲೈ) ಸಹಜ ಆಯ್ಕೆ. ಲಾಗರ್ ಮಾಡ್ಯೂಲ್‌ಗಳು ಕೂರುವ ಅದೇ 35 ಮಿಲಿಮೀಟರ್ ರೈಲಿನಲ್ಲಿ ಅದೂ ಕೂರುತ್ತದೆ. ಲಾಗರ್ ಜೊತೆ ಬರುವ ಗೋಡೆ-ಅಡಾಪ್ಟರ್ ಮೇಜಿನ ಮೇಲಿನ ಪ್ರಯೋಗಕ್ಕೆ ಸರಿ, ಪ್ಯಾನಲ್ಲಿಗೆ ಬೇಡ. ಅದರ ಜ್ಯಾಕು ಸಡಿಲವಾಗುತ್ತದೆ, ಯಾರೋ ಬೇರೆ ಚಾರ್ಜರ್ ಹಾಕಲು ಕಿತ್ತುಬಿಡುತ್ತಾರೆ. ಎಸ್‌ಎಂಪಿಎಸ್ ಸ್ವಿಚಿಂಗ್ ಸಪ್ಲೈ ಆದ್ದರಿಂದ ಔಟ್‌ಪುಟ್‌ನಲ್ಲಿ ಅಲ್ಪಸ್ವಲ್ಪ ಗದ್ದಲ ಇದ್ದೇ ಇರುತ್ತದೆ. ಒಳ್ಳೆಯ ಲಾಗರ್ ಒಳಗೆ ತನ್ನದೇ ರೆಗ್ಯುಲೇಟರ್ ಇಟ್ಟುಕೊಂಡಿರುವುದರಿಂದ ಹೆಚ್ಚಿನ ಸೆನ್ಸರ್‌ಗಳಿಗೆ ಇದು ತೊಂದರೆ ಕೊಡುವುದಿಲ್ಲ. ಸ್ಟ್ರೇನ್ ಗೇಜ್ (ಹಿಗ್ಗು-ಕುಗ್ಗು ಅಳೆಯುವ ಸೆನ್ಸರ್), ಥರ್ಮೋಕಪಲ್ ಅಳೆಯುವವರು ಮಾತ್ರ ಸಪ್ಲೈಯ ರಿಪಲ್ (ಔಟ್‌ಪುಟ್ ವೋಲ್ಟೇಜಿನ ಏರಿಳಿತ) ಅಂಕಿಯನ್ನು ನೋಡಿ ಕೊಳ್ಳಬೇಕು. ಮೇನ್ಸ್ ಕಡೆಯ ಸಂಪರ್ಕವನ್ನು ಅರ್ಹ ಎಲೆಕ್ಟ್ರಿಷಿಯನ್ನರೇ ಮಾಡಲಿ.

ಮೇನ್ಸ್ ಹೋದಾಗ ದಾಖಲೆ ನಿಲ್ಲಬಾರದೆಂದರೆ ಡಿಸಿ ಯುಪಿಎಸ್ ಮಾಡ್ಯೂಲ್ ಸೇರಿಸಿ. ಎಸಿ ಯುಪಿಎಸ್ ಇಟ್ಟರೆ ಬ್ಯಾಟರಿಯ ಡಿಸಿಯನ್ನು ಎಸಿ ಮಾಡಿ ಮತ್ತೆ ಡಿಸಿ ಮಾಡಬೇಕು. ಲಾಗರಿನಂಥ ಸಣ್ಣ ಲೋಡಿಗೆ ಇನ್ವರ್ಟರ್ ತಾನೇ ತಿನ್ನುವ ವಿದ್ಯುತ್ತೇ ಹೆಚ್ಚಾಗಬಹುದು. ಮೆಮೊರಿ ಕಾರ್ಡಿಗೆ ಬರೆಯುತ್ತಿರುವಾಗ ಕರೆಂಟು ಹೋದರೆ ಕಡತ ಕೆಡುವ ಅಪಾಯವೂ ಇದೆ. ಬರೆಯುತ್ತಿರುವ ಕೆಲಸ ಮುಗಿಸಿಕೊಳ್ಳುವಷ್ಟು ಹೊತ್ತು ತಡೆಯುವ ಕೆಪಾಸಿಟರ್ ಲಾಗರಿನಲ್ಲಿದೆಯೇ ಎಂದು ಕೇಳಿ ತಿಳಿದುಕೊಳ್ಳಿ.

ಯುಎಸ್‌ಬಿ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಯುಎಸ್‌ಬಿ 2.0 ಪೋರ್ಟ್ ಕೊಡುವುದು 5 ವೋಲ್ಟಿನಲ್ಲಿ 500 ಮಿಲಿಆಂಪಿಯರ್. ಕಂಪ್ಯೂಟರ್ ನಿದ್ದೆಗೆ ಜಾರಿದರೆ ಅದೂ ನಿಲ್ಲಬಹುದು. ಲಾಗರ್ ಹೊಂದಿಸಲು, ಡೇಟಾ ಇಳಿಸಿಕೊಳ್ಳಲು ಬಳಸಿ, ಅಷ್ಟೇ ಸಾಕು. ಆದರೆ ಒಂದು ಗಮನಿಸಿ: ಲ್ಯಾಪ್‌ಟಾಪ್ ಚಾರ್ಜರಿಗೆ ಸಿಕ್ಕಿಸಿರುವಾಗ ಓದು ಒಂದು ರೀತಿ, ಚಾರ್ಜರ್ ಕಿತ್ತಾಗ ಇನ್ನೊಂದು ರೀತಿ ಬಂದರೆ ನಿಮ್ಮ ಅರ್ತಿಂಗಿನಲ್ಲಿ ಲೂಪ್ (ಭೂಮಿಗೆ ಎರಡು ದಾರಿಯಾಗಿ ಅವುಗಳ ನಡುವೆ ಕರೆಂಟು ಹರಿಯುವುದು) ಇದೆಯೇ ಎಂದು ಮೊದಲು ಅನುಮಾನಿಸಿ. ಖರ್ಚಿಲ್ಲದ ಒಳ್ಳೆಯ ಪರೀಕ್ಷೆ ಅದು.

ಕಟ್ಟಡದೊಳಗೆ ನೆಟ್‌ವರ್ಕ್ ಇರುವ ಕಡೆ ಪಿಒಇ, ಅಂದರೆ ಈಥರ್ನೆಟ್ ಕೇಬಲ್ಲಿನಲ್ಲೇ ವಿದ್ಯುತ್ ಕಳಿಸುವುದು, ನನಗೆ ಬಹಳ ಇಷ್ಟವಾದ ದಾರಿ. ಐಇಇಇ 802.3ಎಎಫ್ ಮಾನದಂಡ 2003ರದು. ಅದರಲ್ಲಿ ಸ್ವಿಚ್ಚಿನ ತುದಿಯಲ್ಲಿ 15.4 ವಾಟ್, ಸಾಧನದ ತುದಿಯಲ್ಲಿ 12.95 ವಾಟ್ ಸಿಗುತ್ತದೆ. 2009ರ 802.3ಎಟಿಯಲ್ಲಿ ಇದು 30 ಮತ್ತು 25.5 ವಾಟ್. ದೂರ 100 ಮೀಟರ್‌ವರೆಗೆ. ಸರ್ವರ್ ಕೋಣೆಯ ಯುಪಿಎಸ್ ನಿಮ್ಮ ಲಾಗರಿಗೂ ಆಸರೆಯಾಗುತ್ತದೆ. ಮಾನದಂಡಕ್ಕೆ ಬದ್ಧವಾದ ಸಾಧನದಲ್ಲಿ ವಿದ್ಯುತ್ ಕಡೆಗೆ ಐಸೊಲೇಷನ್ (ನೇರ ವಿದ್ಯುತ್ ಸಂಪರ್ಕವಿಲ್ಲದಂತೆ ಬೇರ್ಪಡಿಸುವುದು) ಇರಲೇಬೇಕಾದ್ದರಿಂದ ಅರ್ತಿಂಗಿನ ತಲೆನೋವೂ ಕಡಿಮೆ. ಆದರೆ ‘ಪ್ಯಾಸಿವ್ ಪಿಒಇ’ ಎಂದು ಮಾರುವ ಇಂಜೆಕ್ಟರ್‌ಗಳು ಬೇರೆ ಜಾತಿ. ಸಾಧನವನ್ನು ಕೇಳದೆಯೇ ವೋಲ್ಟೇಜನ್ನು ತಂತಿಗೆ ಹಾಕಿಬಿಡುತ್ತವೆ. ಹೊಂದಿಕೆಯಾಗದ ಪೋರ್ಟ್ ಸುಟ್ಟುಹೋಗಬಹುದು.

ಮೇನ್ಸ್ ಇಲ್ಲದ ಜಾಗಕ್ಕೆ ಬರೋಣ. ಇಲ್ಲಿ ನಿಜವಾದ ಸ್ಪರ್ಧೆ ಸೀಲ್ ಮಾಡಿದ ಲೆಡ್-ಆಸಿಡ್ ಬ್ಯಾಟರಿ ಮತ್ತು ಲಿಥಿಯಂ ಐರನ್ ಫಾಸ್ಫೇಟ್ ನಡುವೆ.

ಲೆಡ್-ಆಸಿಡ್ ಅಗ್ಗ, ಎಲ್ಲೆಡೆ ಸಿಗುತ್ತದೆ, ಅದರ ವೋಲ್ಟೇಜ್ ನೋಡಿಯೇ ಎಷ್ಟು ತುಂಬಿದೆ ಎಂದು ಊಹಿಸಬಹುದು: ಪೂರ್ತಿ ತುಂಬಿ ವಿಶ್ರಾಂತಿಯಲ್ಲಿದ್ದಾಗ 12.7 ವೋಲ್ಟ್ ಆಸುಪಾಸು, ಅರ್ಧ ಖಾಲಿಯಾದಾಗ 12.2 ಆಸುಪಾಸು. ಬಾಳಿಕೆ ಬೇಕಾದರೆ ಅರ್ಧಕ್ಕಿಂತ ಕೆಳಗೆ ಇಳಿಸಬಾರದು. ಪೂರ್ತಿ ಖಾಲಿ ಮಾಡಿ ಹಾಗೇ ಬಿಟ್ಟರೆ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಬ್ಯಾಟರಿ ಸಾಯುತ್ತದೆ. ಬಿಸಿಲಿಗೆ ಕಾಯುವ ಪೆಟ್ಟಿಗೆಯೂ ಅದಕ್ಕೆ ಶತ್ರು; ತಾಪಮಾನ 10 ಡಿಗ್ರಿ ಏರಿದರೆ ಆಯಸ್ಸು ಹೆಚ್ಚುಕಡಿಮೆ ಅರ್ಧವಾಗುತ್ತದೆ. ಚಾರ್ಜಿಂಗ್ ವೋಲ್ಟೇಜನ್ನು ಪ್ರತಿ ಡಿಗ್ರಿಗೆ ಸುಮಾರು 20 ಮಿಲಿವೋಲ್ಟಿನಂತೆ ತಾಪಮಾನಕ್ಕೆ ಹೊಂದಿಸುವ ಕಂಟ್ರೋಲರ್ ಇದ್ದರೆ ಒಳ್ಳೆಯದು.

ಲಿಥಿಯಂ ಐರನ್ ಫಾಸ್ಫೇಟಿನಲ್ಲಿ ನಾಲ್ಕು ಸೆಲ್ ಸೇರಿ 12.8 ವೋಲ್ಟ್. ತೂಕ ಕಡಿಮೆ, ಚಾರ್ಜ್-ಡಿಸ್ಚಾರ್ಜ್ ಸುತ್ತುಗಳು ಹಲವು ಪಟ್ಟು ಹೆಚ್ಚು, ಸಾಮರ್ಥ್ಯದ ಬಹುಭಾಗವನ್ನು ಧೈರ್ಯವಾಗಿ ಬಳಸಬಹುದು. ಆದರೆ 0 ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಬಾರದು. ವೋಲ್ಟೇಜ್ ಕೊನೆಯವರೆಗೂ ಹೆಚ್ಚು ಬದಲಾಗದೆ ನಿಂತು ಆಮೇಲೆ ಒಮ್ಮೆಲೇ ಬೀಳುವುದರಿಂದ ವೋಲ್ಟೇಜ್ ನೋಡಿ ಎಷ್ಟು ಉಳಿದಿದೆ ಎಂದು ಹೇಳುವುದು ಕಷ್ಟ. ಇನ್ನೊಂದು ಸೂಕ್ಷ್ಮವಿದೆ. ಬ್ಯಾಟರಿಯೊಳಗಿನ ರಕ್ಷಣಾ ಸರ್ಕ್ಯೂಟ್ ಒಮ್ಮೆ ಸಂಪರ್ಕ ಕಡಿದರೆ ಟರ್ಮಿನಲ್‌ನಲ್ಲಿ ವೋಲ್ಟೇಜೇ ಇರುವುದಿಲ್ಲ. ಕೆಲವು ಸೋಲಾರ್ ಕಂಟ್ರೋಲರ್‌ಗಳು ಎಚ್ಚರಗೊಳ್ಳಲು ಬ್ಯಾಟರಿ ವೋಲ್ಟೇಜನ್ನೇ ಕಾಯುತ್ತವೆ. ಎರಡೂ ಒಂದನ್ನೊಂದು ಕಾಯುತ್ತ ಕೂತರೆ ಬಿಸಿಲು ಎಷ್ಟೇ ಇರಲಿ, ಕೇಂದ್ರ ಸತ್ತಂತೆಯೇ. ಲಿಥಿಯಂಗೆ ಹೊಂದುವ ಕಂಟ್ರೋಲರ್ ಎಂದು ಬರೆದಿರುವುದನ್ನೇ ಕೊಳ್ಳಿ.

ವರ್ಷಕ್ಕೊಮ್ಮೆಯೂ ಹೋಗಲಾಗದ ದೂರದ ಜಾಗವಾದರೆ ಲಿಥಿಯಂ. ಪದೇಪದೇ ಹೋಗುವ, ಬಜೆಟ್ ಬಿಗಿಯಾಗಿರುವ, ಹಿಮ ಬೀಳುವ ಜಾಗವಾದರೆ ಲೆಡ್-ಆಸಿಡ್. ಗಾತ್ರದ ಲೆಕ್ಕ ಹೀಗೆ: ದಿನದ ಬಳಕೆ 0.94 ಆಂಪಿಯರ್-ಗಂಟೆ, ಮೋಡದ ದಿನಗಳು 5, ಅರ್ಧದವರೆಗೆ ಮಾತ್ರ ಬಳಕೆ ಎಂದರೆ 9.4, ಅಂದರೆ 12 ಆಂಪಿಯರ್-ಗಂಟೆಯ ಲೆಡ್-ಆಸಿಡ್ ಸಾಕು. ವರ್ಷದ ಅತಿ ಕೆಟ್ಟ ತಿಂಗಳಲ್ಲಿ ದಿನಕ್ಕೆ 3 ಗಂಟೆಯ ಪೂರ್ಣ ಬಿಸಿಲಿಗೆ ಸಮನಾದ ಬೆಳಕು, 70 ಶೇಕಡಾ ದಕ್ಷತೆ ಎಂದಿಟ್ಟುಕೊಂಡರೆ ಫಲಕ 0.45 ಆಂಪಿಯರ್ ಕೊಡಬೇಕು: 10 ವಾಟಿನ ಫಲಕ ಮುಟ್ಟುತ್ತದೆ, 20 ವಾಟ್ ಹಾಕಿದರೆ ಧೂಳಿಗೂ ನೆರಳಿಗೂ ಅವಕಾಶ ಉಳಿಯುತ್ತದೆ. ಟ್ರಾನ್ಸ್‌ಮಿಟರ್‌ಗಳನ್ನು ಸದಾ ಆನ್ ಇಡುವ ವಿಧಾನದಲ್ಲಿ ಇದೇ ಲೆಕ್ಕ 54 ಆಂಪಿಯರ್-ಗಂಟೆ, 50 ವಾಟಿಗೆ ಹೋಗುತ್ತದೆ. ಇಷ್ಟು ಸಣ್ಣ ಫಲಕಗಳಿಗೆ, ಫಲಕದಿಂದ ಗರಿಷ್ಠ ವಿದ್ಯುತ್ ಹಿಂಡುವ ಎಂಪಿಪಿಟಿ ಕಂಟ್ರೋಲರಿನ ಲಾಭ ಅಲ್ಪ. ಸರಳವಾದ ಪಿಡಬ್ಲ್ಯುಎಂ ಕಂಟ್ರೋಲರ್ ಹಾಕಿ, ಉಳಿದ ಹಣವನ್ನು ಫಲಕಕ್ಕೆ ಸೇರಿಸಿ.

ಚಾರ್ಜ್ ಮಾಡಲಾಗದ ಲಿಥಿಯಂ ಥಯೊನೈಲ್ ಕ್ಲೋರೈಡ್ ಸೆಲ್‌ಗಳೂ ಇವೆ. 3.6 ವೋಲ್ಟ್, ತಾನಾಗಿ ಖಾಲಿಯಾಗುವುದು ತೀರಾ ಕಡಿಮೆ, ಕೊರೆಯುವ ಚಳಿಯಲ್ಲೂ ಕೆಲಸ ಮಾಡುತ್ತವೆ. ಆದರೆ ಒಮ್ಮೆಲೇ ಹೆಚ್ಚು ಕರೆಂಟು ಕೇಳಿದರೆ ಕುಸಿಯುತ್ತವೆ. ಗಂಟೆಗೊಮ್ಮೆ ಎದ್ದು ಒಂದು ಅಳತೆ ಬರೆದು ಮಲಗುವ ಪುಟ್ಟ ಲಾಗರ್‌ಗಳಿಗೆ ಅವು ಹೇಳಿಮಾಡಿಸಿದ್ದು. ಮೋಡೆಮ್ ಇರುವ ಮಾಡ್ಯುಲರ್ ವ್ಯವಸ್ಥೆಗೆ ಹೊಂದುವುದಿಲ್ಲ.

12 ವೋಲ್ಟೋ 24 ವೋಲ್ಟೋ, ತಂತಿ ಎಷ್ಟು ದಪ್ಪ

ದೂರ ಇದ್ದಾಗ ತಂತಿಯೂ ಒಂದು ರೆಸಿಸ್ಟರ್. 0.5 ಚದರ ಮಿಲಿಮೀಟರಿನ ತಾಮ್ರದ ತಂತಿಯಲ್ಲಿ 50 ಮೀಟರ್ ದೂರಕ್ಕೆ ಹೋಗಿ ಬರುವ 100 ಮೀಟರ್ ಸೇರಿ ಸುಮಾರು 3.4 ಓಮ್. ಮೋಡೆಮ್ ಪ್ರಸಾರದ ಕ್ಷಣದಲ್ಲಿ 1 ಆಂಪಿಯರ್ ಎಳೆದರೆ 12 ವೋಲ್ಟ್ ಹೋಗಿ ಆ ತುದಿಯಲ್ಲಿ 8.6 ಉಳಿಯುತ್ತದೆ. 9 ಅಥವಾ 10 ವೋಲ್ಟಿಗಿಂತ ಕೆಳಗೆ ಕೆಲಸ ಮಾಡದ ಲಾಗರ್ ಆಗ ರೀಸೆಟ್ ಆಗುತ್ತದೆ. ಮಲ್ಟಿಮೀಟರ್ ಹಿಡಿದು ನೋಡುವ ಹೊತ್ತಿಗೆ ಮೋಡೆಮ್ ಸುಮ್ಮನಾಗಿ 12 ವೋಲ್ಟೇ ತೋರಿಸುತ್ತದೆ. ‘ಆಗಾಗ ತಾನಾಗಿ ರೀಸ್ಟಾರ್ಟ್ ಆಗುತ್ತದೆ’ ಎಂಬ ದೂರುಗಳಲ್ಲಿ ಮೊದಲು ಅನುಮಾನಿಸಬೇಕಾದದ್ದು ಇದನ್ನೇ.

ಇದಕ್ಕೆ ಎರಡು ದಾರಿ. 2.5 ಚದರ ಮಿಲಿಮೀಟರಿನ ತಂತಿ ಹಾಕಿದರೆ ನಷ್ಟ 0.7 ವೋಲ್ಟಿಗೆ ಇಳಿಯುತ್ತದೆ. ಇಲ್ಲವೇ ಅದೇ ತೆಳು ತಂತಿಯಲ್ಲಿ 24 ವೋಲ್ಟ್ ಕಳಿಸಿದರೆ ಅಷ್ಟೇ ವಾಟಿಗೆ ಕರೆಂಟು ಅರ್ಧ, ನಷ್ಟ 1.7 ವೋಲ್ಟ್, ಉಳಿಯುವುದು 22ಕ್ಕೂ ಹೆಚ್ಚು. ಮೇನ್ಸ್ ಇರುವಲ್ಲಿ, 4–20 ಮಿಲಿಆಂಪಿಯರ್ ಸೆನ್ಸರ್‌ಗಳು ಇರುವಲ್ಲಿ, 24 ವೋಲ್ಟನ್ನೇ ಆರಿಸಿ. ಬ್ಯಾಟರಿ ಪೆಟ್ಟಿಗೆ ಲಾಗರಿನ ಪಕ್ಕದಲ್ಲೇ ಇದ್ದರೆ 12 ವೋಲ್ಟ್ ಸಾಕು. ಬೂಸ್ಟ್ ಕನ್ವರ್ಟರಿನ ನಷ್ಟ ತಪ್ಪುತ್ತದೆ.

ಮಾಡ್ಯುಲರ್ ಲಾಗರಿಗೆ ವಿಶೇಷವಾದ ಇನ್ನೊಂದು ಆಯ್ಕೆ: ಎಲ್ಲ ಮಾಡ್ಯೂಲ್‌ಗಳಿಗೂ ಬ್ಯಾಕ್‌ಪ್ಲೇನ್ (ಮಾಡ್ಯೂಲ್‌ಗಳನ್ನು ಒಂದಕ್ಕೊಂದು ಜೋಡಿಸುವ ಹಿಂಬದಿಯ ಬೋರ್ಡು) ಮೂಲಕ ವಿದ್ಯುತ್ ಹರಿಸುವುದೋ, ಸೆನ್ಸರ್‌ಗಳಿಗೆ ಬೇರೆ ಸಪ್ಲೈ ಇಡುವುದೋ? ಬ್ಯಾಕ್‌ಪ್ಲೇನ್ ಎಷ್ಟು ಕರೆಂಟು ಹೊರಬಲ್ಲದು ಎಂಬುದಕ್ಕೆ ಮಿತಿ ಇದೆ. ಮಾಡ್ಯೂಲ್‌ಗಳ ಕರೆಂಟು ಕೂಡಿಸಿ ಆ ಮಿತಿಯ ಕೆಳಗೆ ಸಾಕಷ್ಟು ಜಾಗ ಬಿಡಿ, ನಾಳೆ ಸೇರುವ ಮಾಡ್ಯೂಲ್‌ಗೂ ಸೇರಿಸಿ. ಸೆನ್ಸರ್ ಎರಡು ಮೂರು ಇದ್ದರೆ ಲಾಗರಿನ ಔಟ್‌ಪುಟ್ಟೇ ಸರಿ. ತಂತಿ ಕಡಿಮೆ, ಸ್ವಿಚಿಂಗ್ ಸಲೀಸು. ಟ್ರಾನ್ಸ್‌ಮಿಟರ್‌ಗಳ ಸಾಲೇ ಇದ್ದರೆ, ರಿಲೇ, ಪಂಪ್, ಹೀಟರ್ ಏನಾದರೂ ಇದ್ದರೆ, ಬೇರೆ ಸಪ್ಲೈ ಇಟ್ಟು ಒಂದೊಂದು ಗುಂಪಿಗೂ ಒಂದೊಂದು ಫ್ಯೂಸ್ ಕೊಡಿ. ಹೊರಗೆಲ್ಲೋ ಒಂದು ಕೇಬಲ್ ಶಾರ್ಟ್ ಆದರೆ ಆ ಗುಂಪು ಮಾತ್ರ ನಿಲ್ಲಬೇಕು, ಲಾಗರ್ ದಾಖಲಿಸುತ್ತಲೇ ಇರಬೇಕು. ಸಪ್ಲೈನ ತಂತಿಗಳನ್ನು ಒಂದು ಮಾಡ್ಯೂಲ್‌ನಿಂದ ಇನ್ನೊಂದಕ್ಕೆ ಸರಪಳಿಯಂತೆ ಎಳೆಯುವ ಬದಲು ಒಂದು ವಿತರಣಾ ಟರ್ಮಿನಲ್‌ನಿಂದ ಪ್ರತಿಯೊಂದಕ್ಕೂ ಪ್ರತ್ಯೇಕವಾಗಿ ಎಳೆಯಿರಿ. ಸರಪಳಿಯಲ್ಲಿ ಕೊನೆಯ ಮಾಡ್ಯೂಲಿನ ಮೈನಸ್‌ಗೆ ಉಳಿದೆಲ್ಲದರ ಕರೆಂಟಿನ ಏರಿಳಿತ ತಗಲುತ್ತದೆ.

ಟರ್ಮಿನಲ್ ಯಾವುದು

ಸ್ಕ್ರೂ ಟರ್ಮಿನಲ್ ಎಲ್ಲರಿಗೂ ಗೊತ್ತು, ಒಂದು ಸ್ಕ್ರೂಡ್ರೈವರ್ ಸಾಕು. ಕಂಪನ ಇರುವ ಯಂತ್ರದ ಮೇಲೆ, ತಾಪಮಾನ ಏರಿಳಿಯುವ ಪೆಟ್ಟಿಗೆಯಲ್ಲಿ, ಕಾಲಕ್ರಮದಲ್ಲಿ ಸಡಿಲವಾಗುತ್ತದೆ, ಭೇಟಿಯಲ್ಲೊಮ್ಮೆ ಬಿಗಿಮಾಡಬೇಕು. ಸ್ಪ್ರಿಂಗ್ ಟರ್ಮಿನಲ್ ಹಿಡಿತವನ್ನು ತಾನೇ ಕಾಪಾಡಿಕೊಳ್ಳುತ್ತದೆ. ಯಾರೂ ಹೋಗದ ಜಾಗಕ್ಕೆ, ಕಂಪನ ಇರುವ ಕಡೆಗೆ ನಾನು ಕಣ್ಣುಮುಚ್ಚಿ ಸ್ಪ್ರಿಂಗನ್ನೇ ಹೇಳುತ್ತೇನೆ.

ಎಳೆಎಳೆ ತಂತಿಯ ತುದಿಗೆ ಫೆರೂಲ್ (ಸಣ್ಣ ಲೋಹದ ಕೊಳವೆ) ಹಾಕಿ ಕ್ರಿಂಪ್ ಮಾಡುವುದನ್ನು, ಅಂದರೆ ಒತ್ತಿ ಬಿಗಿಮಾಡುವುದನ್ನು, ಬಿಡಬೇಡಿ. ಫೆರೂಲ್ ಇಲ್ಲವೆಂದು ತುದಿಗೆ ಬೆಸುಗೆ ಸೀಸ ಹಚ್ಚುವ ಅಭ್ಯಾಸ ಅದಕ್ಕಿಂತ ಕೆಟ್ಟದ್ದು. ಒತ್ತಡದ ಕೆಳಗೆ ಬೆಸುಗೆ ನಿಧಾನವಾಗಿ ಹರಿದು ಹಿಡಿತ ತಪ್ಪುತ್ತದೆ, ಬೆಸುಗೆ ಮುಗಿಯುವ ಜಾಗದಲ್ಲಿ ತಂತಿ ಮುರಿಯುತ್ತದೆ. ಕ್ರಿಂಪಿಂಗ್ ಪ್ಲಯರ್ ಒಂದನ್ನು ಒಳ್ಳೆಯದೇ ಕೊಳ್ಳಿ.

ಕಿತ್ತು ಹಾಕಬಹುದಾದ ಪ್ಲಗ್ ಟರ್ಮಿನಲ್‌ಗಳಿಗೆ ಮಾಡ್ಯುಲರ್ ಲಾಗರಿನಲ್ಲಿ ವಿಶೇಷ ಮಹತ್ವ. ಕೆಟ್ಟ ಮಾಡ್ಯೂಲ್ ಬದಲಿಸುವಾಗ ಹದಿನಾರು ತಂತಿ ಬಿಚ್ಚಿ ಮತ್ತೆ ಸರಿಯಾದ ಜಾಗಕ್ಕೆ ಹಾಕುವ ಕೆಲಸವೇ ಇರುವುದಿಲ್ಲ. ಒಂದೇ ಆಕಾರದ ಪ್ಲಗ್‌ಗಳು ಅಕ್ಕಪಕ್ಕ ಇದ್ದರೆ ಅದಲುಬದಲಾಗದಂತೆ ಗುರುತು ಹಾಕಿ. 24 ವೋಲ್ಟಿನ ಪ್ಲಗ್ ಮಿಲಿವೋಲ್ಟ್ ಮಾಡ್ಯೂಲಿಗೆ ಕೂತರೆ ಆ ಮಾಡ್ಯೂಲ್ ಉಳಿಯುವ ಭರವಸೆ ಇಲ್ಲ. ಮಳೆ, ನೀರು, ತೊಳೆತ ಇರುವಲ್ಲಿ ನೀರು ತಡೆಯುವ ಎಂ12 ಕನೆಕ್ಟರ್ ದುಬಾರಿಯಾದರೂ ಸರಿ.

ಥರ್ಮೋಕಪಲ್ ಇದ್ದವರಿಗೆ ಮಾತ್ರ ಒಂದು ಮಾತು. ಅಲ್ಲಿ ಟರ್ಮಿನಲ್ಲೇ ಅಳತೆಯ ಭಾಗ. ಲಾಗರ್ ಟರ್ಮಿನಲ್ಲಿನ ತಾಪಮಾನವನ್ನು ಅಳೆದು ಅದನ್ನು ಲೆಕ್ಕಕ್ಕೆ ಸೇರಿಸುತ್ತದೆ. ಪಕ್ಕದಲ್ಲೇ ಬಿಸಿ ಎಸ್‌ಎಂಪಿಎಸ್ ಕೂರಿಸಿದರೆ ಟರ್ಮಿನಲ್ಲಿನ ಒಂದು ತುದಿ ಬಿಸಿ, ಇನ್ನೊಂದು ತಂಪು; ಓದು ತಪ್ಪುತ್ತದೆ. ರೈಲಿನ ಒಂದು ತುದಿಗೆ ಸಪ್ಲೈ, ಇನ್ನೊಂದು ತುದಿಗೆ ಥರ್ಮೋಕಪಲ್ ಮಾಡ್ಯೂಲ್. ನಡುವೆ ತಂತಿ ಜೋಡಿಸಬೇಕಾದರೆ ಅದೇ ಬಗೆಯ ಥರ್ಮೋಕಪಲ್ ತಂತಿ, ಅದೇ ಬಗೆಯ ಕನೆಕ್ಟರ್.

ಸೆನ್ಸರ್ ತಂತಿಯ ಆಯ್ಕೆಗಳು

ಸಿಂಗಲ್-ಎಂಡೆಡ್ ಜೋಡಣೆಯಲ್ಲಿ ಚಾನೆಲ್‌ಗಳು ಇಮ್ಮಡಿ ಸಿಗುತ್ತವೆ, ಆದರೆ ಎಲ್ಲವೂ ಒಂದೇ ಮೈನಸ್ಸನ್ನು ನೆಚ್ಚಿಕೊಂಡಿರುತ್ತವೆ. ಕೆ ಬಗೆಯ ಥರ್ಮೋಕಪಲ್ ಡಿಗ್ರಿಗೆ ಕೊಡುವುದು ಸುಮಾರು 41 ಮೈಕ್ರೋವೋಲ್ಟ್. ಗ್ರೌಂಡಿನಲ್ಲಿ ಬರೀ 1 ಮಿಲಿವೋಲ್ಟ್ ವ್ಯತ್ಯಾಸ ಬಂದರೂ ಸುಮಾರು 24 ಡಿಗ್ರಿ ತಪ್ಪು. ಥರ್ಮೋಕಪಲ್, ಸ್ಟ್ರೇನ್ ಗೇಜ್‌ಗಳಿಗೆ ಡಿಫರೆನ್ಷಿಯಲ್ ಜೋಡಣೆಯೇ (ಪ್ರತಿ ಸೆನ್ಸರಿನ ಎರಡು ತಂತಿಗಳ ನಡುವಿನ ವ್ಯತ್ಯಾಸ ಅಳೆಯುವುದು) ಆಗಬೇಕು. 0–10 ವೋಲ್ಟ್ ಕೊಡುವ ಸೆನ್ಸರ್ ಹತ್ತಿರದಲ್ಲೇ ಇದ್ದರೆ ಸಿಂಗಲ್-ಎಂಡೆಡ್ ನಡೆಯುತ್ತದೆ. ನೆಲಕ್ಕೆ ಎಲ್ಲೂ ತಾಗದ ಸೆನ್ಸರನ್ನು ಡಿಫರೆನ್ಷಿಯಲ್ ಇನ್‌ಪುಟ್ಟಿಗೆ ಕೊಟ್ಟಾಗ ಓದು ಅಲೆಯುತ್ತಿದ್ದರೆ ಮೈನಸ್ ಇನ್‌ಪುಟ್ಟಿನಿಂದ ಗ್ರೌಂಡಿಗೆ ಒಂದು ರೆಸಿಸ್ಟರ್ ಬೇಕಾಗಬಹುದು. ಅದು ಎಷ್ಟು ಓಮ್ ಇರಬೇಕೆಂದು ಲಾಗರ್ ಕೈಪಿಡಿ ಹೇಳುತ್ತದೆ.

ಪಿಟಿ100 ಸೆನ್ಸರಿಗೆ (ತಾಪಮಾನಕ್ಕೆ ತಕ್ಕಂತೆ ರೋಧ ಬದಲಾಗುವ ಪ್ಲಾಟಿನಂ ಸೆನ್ಸರಿಗೆ) ಎರಡು ತಂತಿಯೋ, ಮೂರೋ, ನಾಲ್ಕೋ? ಪಿಟಿ100 ಡಿಗ್ರಿಗೆ 0.385 ಓಮ್ ಬದಲಾಗುತ್ತದೆ. 20 ಮೀಟರ್ ದೂರಕ್ಕೆ 0.5 ಚದರ ಮಿಲಿಮೀಟರಿನ ಎರಡು ತಂತಿ ಹಾಕಿದರೆ ತಂತಿಯದೇ 1.4 ಓಮ್ ಸೇರಿ 3.6 ಡಿಗ್ರಿ ಹೆಚ್ಚು ತೋರಿಸುತ್ತದೆ. ಇದನ್ನು ಕಳೆದುಬಿಡಬಹುದಲ್ಲ ಎನ್ನುವವರಿದ್ದಾರೆ. ತಾಮ್ರದ ರೋಧವೂ ಬಿಸಿಲಿಗೆ ಏರುತ್ತದೆ, ಆದ್ದರಿಂದ ಆ ತಿದ್ದುಪಡಿ ಬೆಳಿಗ್ಗೆ ಸರಿ, ಮಧ್ಯಾಹ್ನ ತಪ್ಪು. ಮೂರು ತಂತಿ ಕಾರ್ಖಾನೆಯ ಸಾಮಾನ್ಯ ಕೆಲಸಕ್ಕೆ ಸಾಕು, ಮೂರೂ ಒಂದೇ ದಪ್ಪ, ಒಂದೇ ಉದ್ದ ಇದ್ದರೆ. ನಿಖರತೆಗೆ ನಾಲ್ಕು ತಂತಿ. ಕೇಬಲ್ ಹೊಸದಾಗಿ ಎಳೆಯುತ್ತಿದ್ದರೆ ನಾಲ್ಕು ತಂತಿಯದನ್ನೇ ಎಳೆಯಿರಿ. ಆಮೇಲೆ ಮಣ್ಣು ಅಗೆದು ಒಂದು ತಂತಿ ಸೇರಿಸಲು ಆಗುವುದಿಲ್ಲ.

ದೂರ ಹೆಚ್ಚಾದರೆ 4–20 ಮಿಲಿಆಂಪಿಯರ್ ಲೂಪ್ ಅತ್ಯಂತ ನಂಬಿಕಸ್ಥ. ತಂತಿಯ ರೋಧ ಓದನ್ನು ಬದಲಿಸುವುದಿಲ್ಲ, ತಂತಿ ಕಡಿದರೆ 0 ಬಂದು ತಕ್ಷಣ ಗೊತ್ತಾಗುತ್ತದೆ. ಆದರೆ ಸಪ್ಲೈ ವೋಲ್ಟೇಜಿಗೆ ಲೆಕ್ಕ ಹಾಕಿ: 250 ಓಮ್ ರೆಸಿಸ್ಟರಿನಲ್ಲಿ 20 ಮಿಲಿಆಂಪಿಯರ್ ಹರಿದಾಗ 5 ವೋಲ್ಟ್ ಅಲ್ಲೇ ಖರ್ಚು. 12 ವೋಲ್ಟ್ ಸಪ್ಲೈ ಆದರೆ ಟ್ರಾನ್ಸ್‌ಮಿಟರಿಗೆ ಉಳಿಯುವುದು 7, ಅದರ ಬೇಡಿಕೆ 10 ಇದ್ದರೆ ಅಳತೆ ಮೇಲ್ತುದಿಗೆ ಹೋದಂತೆ ತಪ್ಪತೊಡಗುತ್ತದೆ. 100 ಓಮ್ ಹಾಕಿ ಅಥವಾ 24 ವೋಲ್ಟಿಗೆ ಹೋಗಿ.

ಡಿಜಿಟಲ್ ದಾರಿಗಳಲ್ಲಿ ಆರ್‌ಎಸ್-485 ಒಂದು ಜೋಡಿ ತಂತಿಯಲ್ಲಿ ಕಡಿಮೆ ವೇಗದಲ್ಲಿ 1200 ಮೀಟರ್‌ವರೆಗೂ ಹೋಗುತ್ತದೆ, ಎರಡು ಕೊನೆಗಳಲ್ಲೂ 120 ಓಮ್ ರೆಸಿಸ್ಟರ್ ಬೇಕು, ಕವಲುಗಳಿಲ್ಲದೆ ಒಂದೇ ಸಾಲಾಗಿ ಎಳೆಯಬೇಕು. ಮಣ್ಣು, ನೀರು, ಹವಾಮಾನ ಅಳೆಯುವವರಿಗೆ ಎಸ್‌ಡಿಐ-12 ಇನ್ನೂ ಹಗುರ. 12 ವೋಲ್ಟ್, ಗ್ರೌಂಡ್, ಡೇಟಾ ಎಂಬ ಮೂರೇ ತಂತಿ, ವೇಗ 1200 ಬಾಡ್, ಒಂದೇ ಸಾಲಿನಲ್ಲಿ ಹಲವು ಸೆನ್ಸರ್‌ಗಳು, ಕೇಳದಿದ್ದಾಗ ಅವು ಮಲಗಿರುತ್ತವೆ. ಸೌರಶಕ್ತಿಯ ಕೇಂದ್ರಕ್ಕೆ ಸೆನ್ಸರ್ ಕೊಳ್ಳುತ್ತಿರುವವರು ಒಂದೇ ಸೆನ್ಸರ್ 4–20ರಲ್ಲೂ ಎಸ್‌ಡಿಐ-12ರಲ್ಲೂ ಸಿಕ್ಕರೆ ಎರಡನೆಯದನ್ನೇ ಕೊಳ್ಳಿ.

ಅರ್ತಿಂಗ್ ಮತ್ತು ರಕ್ಷಣೆ

ಸಪ್ಲೈನ ಮೈನಸ್, ಲಾಗರಿನ ಗ್ರೌಂಡ್, ಕೇಬಲ್‌ಗಳ ಶೀಲ್ಡ್ (ತಂತಿಗಳ ಸುತ್ತಲಿನ ಲೋಹದ ಹೊದಿಕೆ), ಪೆಟ್ಟಿಗೆಯ ಲೋಹ ಎಲ್ಲವೂ ಒಂದೇ ಬಿಂದುವಿನಲ್ಲಿ ಭೂಮಿಗೆ ಸೇರಲಿ. ಇಂಥ ಕಡಿಮೆ ಆವರ್ತನದ ಸಂಕೇತಗಳ ಶೀಲ್ಡನ್ನು ಲಾಗರಿನ ತುದಿಯಲ್ಲಿ ಮಾತ್ರ ಕಟ್ಟಿ; ಸೆನ್ಸರಿನ ತುದಿಯಲ್ಲಿ ಕತ್ತರಿಸಿ ಟೇಪ್ ಸುತ್ತಿಬಿಡಿ. ಎರಡೂ ಕಡೆ ಕಟ್ಟಿದರೆ ಶೀಲ್ಡೇ ಕರೆಂಟು ಹರಿಯುವ ದಾರಿಯಾಗುತ್ತದೆ. ಮೇನ್ಸ್ ಮತ್ತು ಮೋಟಾರ್ ಕೇಬಲ್‌ಗಳ ಜೊತೆ ಒಂದೇ ಪೈಪಿನಲ್ಲಿ ಸೆನ್ಸರ್ ತಂತಿ ಎಳೆಯಬೇಡಿ, ದಾಟಲೇಬೇಕಾದರೆ ಅಡ್ಡಡ್ಡ ದಾಟಿಸಿ.

ಸೆನ್ಸರ್‌ಗಳು ಬೇರೆಬೇರೆ ಯಂತ್ರಗಳ ಲೋಹಕ್ಕೆ ತಾಗಿಕೊಂಡಿದ್ದರೆ ಒಂದೇ ಬಿಂದುವಿನ ನಿಯಮ ಪಾಲಿಸಲು ಸಾಧ್ಯವೇ ಇಲ್ಲ. ಆಗ ಐಸೊಲೇಟೆಡ್ ಮಾಡ್ಯೂಲ್‌ಗೆ ಹಣ ಹಾಕಬೇಕು. ಕೊಳ್ಳುವಾಗ ಪ್ರತಿ ಚಾನೆಲ್ಲೂ ಪ್ರತ್ಯೇಕವಾಗಿದೆಯೋ, ಇಡೀ ಮಾಡ್ಯೂಲ್ ಮಾತ್ರ ಪ್ರತ್ಯೇಕವೋ ಎಂದು ಸ್ಪಷ್ಟವಾಗಿ ಕೇಳಿ. ಎರಡಕ್ಕೂ ‘ಐಸೊಲೇಟೆಡ್’ ಎಂದೇ ಬರೆದಿರುತ್ತಾರೆ.

ಬ್ಯಾಟರಿಯ ಪ್ಲಸ್ ಟರ್ಮಿನಲ್ಲಿಗೆ ಆದಷ್ಟು ಹತ್ತಿರ ಫ್ಯೂಸ್ ಇರಲಿ. ಫ್ಯೂಸ್ ಕಾಪಾಡುವುದು ತಂತಿಯನ್ನು, ಆದ್ದರಿಂದ ಅದರ ಆಂಪಿಯರ್ ಅಂಕಿ ತಂತಿ ಹೊರುವ ಮಿತಿಯೊಳಗಿರಬೇಕು. ಸಣ್ಣ ಬ್ಯಾಟರಿಯೂ ಶಾರ್ಟ್ ಆದಾಗ ತಂತಿ ಕೆಂಪಗೆ ಕಾಯುವಷ್ಟು ಕರೆಂಟು ಕೊಡುತ್ತದೆ. ಬಯಲಿನಲ್ಲಿ ಉದ್ದ ಕೇಬಲ್ ಇದ್ದರೆ ಪೆಟ್ಟಿಗೆಯ ಬಾಗಿಲಲ್ಲೇ ಸರ್ಜ್ ರಕ್ಷಕ (ಸಿಡಿಲಿನಂಥ ದಿಢೀರ್ ವೋಲ್ಟೇಜನ್ನು ಭೂಮಿಗೆ ಇಳಿಸುವ ಸಾಧನ) ಹಾಕಿ, ಅದರಿಂದ ಭೂಮಿಗೆ ಹೋಗುವ ತಂತಿ ಚಿಕ್ಕದಾಗಿ, ನೇರವಾಗಿ, ದಪ್ಪವಾಗಿ ಇರಲಿ. ಉದ್ದ ತೆಳು ತಂತಿಯಲ್ಲಿ ಭೂಮಿಗೆ ಕಟ್ಟಿದ ಸರ್ಜ್ ರಕ್ಷಕದಿಂದ ಹೆಚ್ಚಿನ ಪ್ರಯೋಜನವಿಲ್ಲ.

ಯಾರಿಗೆ ಯಾವುದು

ಪ್ರಯೋಗಾಲಯದ ಮೇಜಿಗೆ: ಜೊತೆಗೆ ಬಂದ ಅಡಾಪ್ಟರ್, ಸ್ಕ್ರೂ ಟರ್ಮಿನಲ್, ಡಿಫರೆನ್ಷಿಯಲ್ ಜೋಡಣೆ. ಹೆಚ್ಚು ಖರ್ಚು ಬೇಡ.

ಕಟ್ಟಡ, ಗೋದಾಮು, ಸರ್ವರ್ ಕೋಣೆಗೆ: ಪಿಒಇ, ಸೆನ್ಸರ್‌ಗಳಿಗೆ ಆರ್‌ಎಸ್-485.

ಕಾರ್ಖಾನೆಯ ಪ್ಯಾನಲ್ಲಿಗೆ: 24 ವೋಲ್ಟ್ ಎಸ್‌ಎಂಪಿಎಸ್, ಡಿಸಿ ಯುಪಿಎಸ್, ಸೆನ್ಸರ್‌ಗಳಿಗೆ ಫ್ಯೂಸ್ ಇರುವ ಬೇರೆ ಸಪ್ಲೈ, ಸ್ಪ್ರಿಂಗ್ ಅಥವಾ ಪ್ಲಗ್ ಟರ್ಮಿನಲ್, 4–20 ಲೂಪ್, ಯಂತ್ರದ ಮೈಗೆ ತಾಗಿದ ಥರ್ಮೋಕಪಲ್‌ಗಳಿಗೆ ಐಸೊಲೇಟೆಡ್ ಮಾಡ್ಯೂಲ್.

ದೂರದ ಬಯಲಿಗೆ: 12 ವೋಲ್ಟ್, ಸೌರಫಲಕ, ಸ್ವಿಚ್ ಮಾಡುವ ಔಟ್‌ಪುಟ್, ಎಸ್‌ಡಿಐ-12, ಸರ್ಜ್ ರಕ್ಷಣೆ. ಬ್ಯಾಟರಿ ಯಾವುದೆಂದು ಮೇಲೆ ಹೇಳಿದಂತೆ.

ಹಣ ಕಡಿಮೆ ಇದ್ದವರು ಕಂಟ್ರೋಲರಿನಲ್ಲಿ, ಪೆಟ್ಟಿಗೆಯ ಅಂದದಲ್ಲಿ, ಈಗ ಬೇಡದ ಚಾನೆಲ್‌ಗಳಲ್ಲಿ ಉಳಿಸಿ. ಮಾಡ್ಯುಲರ್ ಆದ್ದರಿಂದ ಚಾನೆಲ್ ಆಮೇಲೆ ಸೇರಿಸಬಹುದು. ಕೇಬಲ್, ಫೆರೂಲ್, ಫ್ಯೂಸ್, ಅರ್ತಿಂಗಿನಲ್ಲಿ ಉಳಿಸಬೇಡಿ.

ಮೊದಲ ಸಲ ಕರೆಂಟು ಕೊಡುವಾಗ

ಮಾಡ್ಯೂಲ್‌ಗಳ ಪ್ಲಗ್ ಕಿತ್ತಿಟ್ಟು ಸಪ್ಲೈ ಮಾತ್ರ ಆನ್ ಮಾಡಿ, ಪ್ರತಿ ಪ್ಲಗ್ಗಿನಲ್ಲೂ ವೋಲ್ಟೇಜ್ ಮತ್ತು ಪ್ಲಸ್-ಮೈನಸ್ ಅಳೆದು ನೋಡಿ. ತಂತಿಯ ಬಣ್ಣ ನಂಬಬೇಡಿ, ಮೀಟರ್ ನಂಬಿ. ಆಫ್ ಮಾಡಿ ಮೂಲ ಘಟಕ ಸೇರಿಸಿ, ಆನ್ ಮಾಡಿ ಕರೆಂಟು ಅಳೆಯಿರಿ; ಆಮೇಲೆ ಒಂದೊಂದೇ ಮಾಡ್ಯೂಲ್, ಪ್ರತಿ ಸಲವೂ ಆಫ್ ಮಾಡಿ. ಲೆಕ್ಕದಲ್ಲಿ ಬರೆದ ಕರೆಂಟಿಗೂ ಮೀಟರ್ ತೋರಿಸಿದ್ದಕ್ಕೂ ತಾಳೆಯಾಗದಿದ್ದರೆ ಅಲ್ಲೇ ನಿಲ್ಲಿಸಿ ಕಾರಣ ಹುಡುಕಿ. ಒಂದು ಇನ್‌ಪುಟ್ಟಿನ ಎರಡು ತುದಿಗಳನ್ನು ತುಂಡು ತಂತಿಯಿಂದ ಸೇರಿಸಿ ಓದು ನೋಡಿ. ಮಿಲಿವೋಲ್ಟ್ ಚಾನೆಲ್ ಆದರೆ 0ಯ ಹತ್ತಿರ ನಿಲ್ಲಬೇಕು. ಮೋಡೆಮ್ ಪ್ರಸಾರ ಮಾಡುವಾಗಲೂ ಅದು ಅಲುಗದಿದ್ದರೆ ಸಪ್ಲೈ ಮತ್ತು ಗ್ರೌಂಡಿನ ಜೋಡಣೆ ಸರಿಯಿದೆ. ಕೊನೆಗೆ ಮೋಡೆಮ್ ಪ್ರಸಾರದ ವೇಳೆ ಲಾಗರಿನ ಟರ್ಮಿನಲ್ಲಿನಲ್ಲೇ ಕಂಡ ಅತಿ ಕಡಿಮೆ ವೋಲ್ಟೇಜನ್ನು, ಬ್ಯಾಟರಿ ವೋಲ್ಟೇಜನ್ನು, ಒಟ್ಟು ಕರೆಂಟನ್ನು ದಿನಾಂಕದ ಜೊತೆ ಒಂದು ಚೀಟಿಯಲ್ಲಿ ಬರೆದು ಪೆಟ್ಟಿಗೆಯ ಬಾಗಿಲ ಒಳಮೈಗೆ ಅಂಟಿಸಿ. ಮುಂದಿನ ಸಲ ಬಾಗಿಲು ತೆರೆಯುವವರು ಅವೇ ಮೂರು ಅಳತೆಗಳನ್ನು ತೆಗೆದುಕೊಂಡು ಅದರ ಕೆಳಗಿನ ಸಾಲಿನಲ್ಲಿ ಬರೆಯಲಿ.